ಹಿನ್ನೀರಿನ ಬೋಟಿಗೆ ನನ್ನ ಬಹಿಷ್ಕಾರ

ಗೆಳೆಯರೇ, ಜನರ ಊರು ಮುಳುಗಿಸಿದ ನೀರಿನ ಮೇಲೆ ಮೋಜಿಗಾಗಿ ಬೋಟ್ ಓಡಿಸುವುದು ಅನ್ಯಾಯ. ಇಂದು ಬೆಳಿಗ್ಗೆ ಜೋಗೇಶ್ವರಿಯ ನಮ್ಮ ಚಾಳಿನಲ್ಲಿ, ದೀಪಾವಳಿ ರಜೆಗೆ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಪ್ರವಾಸದ ಮಾತು ನಡೆದಾಗ ಇದನ್ನೇ ಗಟ್ಟಿಯಾಗಿ ಹೇಳಿದೆ. "ನಾ ಬರಂಗಿಲ್ಲ, ಯಾರೂ ಹೋಗಬಾರದು!"

ಪಕ್ಕದ ಖೋಲಿಯ ಗಂಗವ್ವ ಅಲ್ಲೇ ಮೆಂತ್ಯ ಸೊಪ್ಪು ಸೋಸುತ್ತ ಕೂತಿದ್ದರು. ಅವರ ತವರೂರು ಆ ಹಿನ್ನೀರಿನಡಿ ಇದೆ. ನಾನು ಅವರ ಪರವಾಗಿಯೇ ಕೂಗುತ್ತಿದ್ದೆ.

"ಏ ತಮ್ಮಾ, ಬೋಟ್ ಬ್ಯಾಡಂದ್ರ ನಾ ತವರಿಗೆ ಹ್ಯಾಂಗ ಹೋಗ್ಲೋ? ಈಜಿಕೋಂತ ಹೋಗ್ಲೇನು?" ಎಂದರು.

ಎಲ್ಲರೂ ನಕ್ಕರು. ಗಂಗವ್ವ ನಗಲಿಲ್ಲ. "ನಾನೂ ಬರ್ತೀನಿ. ತವರಿಗೆ ಬರಿಗೈಲೆ ಹೋಗಬಾರದು, ರೊಟ್ಟಿ ಬುತ್ತಿ ಕಟ್ತೀನಿ. ಮತ್ತ ಕೇಳ್ರಿ, ನಮ್ಮೂರ ಗುಡ್ಡ ದಾಟಿದ ಮ್ಯಾಲೆ ಬೋಟಿನ್ಯಾಗ ಎಲ್ಲಾರೂ ಚಪ್ಪಲ್ ಬಿಚ್ಚಬೇಕು. ತೆಳಗ ನೀರಾಗ ನಮ್ಮ ಹಣಮಪ್ಪನ ಗುಡಿ ಐತಿ."

ಅಷ್ಟು ನೀರಿನ ಮೇಲೆ ಹೋಗುವಾಗಲೂ ದೇವರ ಮುಂದೆ ಚಪ್ಪಲಿ ಬಿಡುವ ಯೋಚನೆ! ನಾನು ಓದಿದ ಯಾವ ಕರಪತ್ರದಲ್ಲೂ ಇದು ಇರಲಿಲ್ಲ.

ಅನ್ಯಾಯ ಅನ್ಯಾಯವೇ, ಬಹಿಷ್ಕಾರ ಮಾತ್ರ ವಾಪಸ್. ಬುತ್ತಿ ಹೊರುವ ಕೆಲಸವೂ ನನಗೇ ಅಂತೆ. ಟಿಕೆಟ್ ಮಾತಾಡಲು ಭಾನುವಾರ ಸಂಜೆ ಆರಕ್ಕೆ ಚಾಳಿನ ಗ್ಯಾಲರಿಗೆ ಬನ್ನಿ.