ಸುಂಯ್ ಅನ್ನದ ಸ್ಪೀಕರ್

ಕಾಕಾ ನಕ್ಕರೆ ಅವರ ಕೊರಳ ಮುಂದಿನ ಬಟ್ಟೆ ಪಟಪಟ ಹಾರುತ್ತಿತ್ತು. ಗಂಟಲಿನ ಆಪರೇಷನ್ ಆದ ಮೇಲೆ ಅವರು ಉಸಿರಾಡುತ್ತಿದ್ದುದು ಮೂಗಿನಿಂದಲ್ಲ, ಕೊರಳ ಬುಡದಲ್ಲಿ ಡಾಕ್ಟರರು ಮಾಡಿಟ್ಟಿದ್ದ ಒಂದು ತೂತಿನಿಂದ. ಅದರ ಮೇಲೆ ಧೂಳು ಕೂರಬಾರದೆಂದು ಅವರ ಹೆಂಡತಿ ಕಾಕು ಹಳೆಯ ಧೋತರ ಹರಿದು, ಎರಡು ಲಾಡಿ ಹೊಲಿದು, ಒಂದು ಬಿಳಿ ಬಟ್ಟೆ ಕಟ್ಟಿದ್ದರು. ಸಿಟ್ಟು ಬಂದರೆ ಅದು ಒಳಕ್ಕೆ ಎಳೆದುಕೊಂಡು ತೂತಿಗೆ ಅಂಟಿಕೊಳ್ಳುತ್ತಿತ್ತು. ಮಾತು ಹೋದ ಮನುಷ್ಯನ ಮನಸ್ಸಿನಲ್ಲಿ ಏನು ನಡೆದಿದೆ ಎಂದು ನಾವೆಲ್ಲ ಆ ಬಟ್ಟೆ ನೋಡಿಯೇ ತಿಳಿಯುತ್ತಿದ್ದೆವು.

ಅವರು ಹಾಗೆ ಮೂಕರಾಗಿ ನಮ್ಮ ಕಟ್ಟೆಯ ಮೇಲೆ ಕೂತಿರುವಾಗಲೇ ಹನುಮಪ್ಪನ ಗುಡಿಯ ಮೇಲಿನ ಹಾರ್ನಿನಲ್ಲಿ ಅವರ ದನಿ ಊರಿಗೆಲ್ಲ ಕೇಳುತ್ತಿತ್ತು. ಗೊತ್ತಿಲ್ಲದವರು ಅದನ್ನು ಕಂಡರೆ ಹೆದರಿಕೊಂಡಾರು. ಗೊತ್ತಿದ್ದ ನಮಗೂ ಅದು ಪೂರ್ತಿ ರೂಢಿಯಾಗಲಿಲ್ಲ.

ಮೊರಬದ ಆಚೆ, ಎರೆಹೊಲಗಳ ನಡುವೆ ನಮ್ಮ ಊರು. ಅಲ್ಲಿ ಎಲ್ಲರೂ ಅವರನ್ನು ಮೈಕ್ ಕಾಕಾ ಎನ್ನುತ್ತಿದ್ದರು. ಅವರದು ನಮ್ಮ ಬಾಜೂ ಮನೆ, ನಡುವೆ ಒಂದೇ ಗೋಡೆ. ಮಕ್ಕಳಿಲ್ಲದ ಗಂಡ ಹೆಂಡತಿ. ಗುಡಿಯ ಮೈಕು ಅವರ ಸುಪರ್ದಿಯಲ್ಲಿತ್ತು. ರೇಷನ್ ಬಂದದ್ದು, ಕಾಲುವೆಗೆ ನೀರು ಬಿಟ್ಟದ್ದು, ಕರು ತಪ್ಪಿಸಿಕೊಂಡದ್ದು, ಎಲ್ಲ ಅವರ ಬಾಯಿಂದಲೇ ಊರಿಗೆ ತಿಳಿಯಬೇಕು. "ಕಂದ ಬಣ್ಣದ ಕರಾ, ಬಲಗಿವಿ ಸ್ವಲ್ಪ ಹರದೈತಿ. ಹಾಯೂದಿಲ್ಲ, ಒದಿಯೂದಿಲ್ಲ. ಯಾರರೆ ಕಟ್ಟಿ ಹಾಕಿದ್ರ ಒಂದೀಟ ನೀರ ಕುಡಸ್ರೀ" ಎಂದು ಅವರು ಹೇಳುವಾಗ, ಹೆಣ್ಣು ನೋಡಲು ಬಂದವರ ಮುಂದೆ ಮಗಳ ಗುಣ ಹೇಳಿದ ಹಾಗೆ ಇರುತ್ತಿತ್ತು.

ಸಾವಿನ ಸುದ್ದಿ ಹೇಳುವ ರೀತಿಯೇ ಬೇರೆ. ಆಗ ಬಾಯಲ್ಲಿದ್ದ ಎಲೆಅಡಿಕೆ ಉಗಿದು, ಬಾಯಿ ಮುಕ್ಕಳಿಸಿ, ಚಪ್ಪಲಿ ಬಿಟ್ಟು ಮೈಕಿನ ಮುಂದೆ ನಿಲ್ಲುತ್ತಿದ್ದರು. ದೊಡ್ಡ ಸಾಹುಕಾರನಿರಲಿ, ಕೂಲಿಯವನಿರಲಿ, ಮಾತು ಒಂದೇ: "ಇವರು ನಮ್ಮನ್ನು ಅಗಲಿದ್ದಾರೆ." ಅದನ್ನು ಮಾತ್ರ ಪುಸ್ತಕದ ಕನ್ನಡದಲ್ಲಿ ಹೇಳುತ್ತಿದ್ದರು. "ಹೆಸರ ಹೇಳೂ ಮುಂದ ಅವಸರ ಮಾಡಬಾರದು ತಂಗಿ" ಎಂದು ಒಮ್ಮೆ ನನಗೆ ಹೇಳಿದ್ದರು.

ಆ ಹಳೆಯ ಅಂಪ್ಲಿಫೈಯರಿಗೆ ಒಂದು ರೋಗವಿತ್ತು. ಸ್ವಿಚ್ ಒತ್ತಿದೊಡನೆ ಹಾರ್ನು ಸುಂಯ್ ಎನ್ನುತ್ತಿತ್ತು. ಲಗ್ನದ ಹಾಡು ಹಚ್ಚುವಾಗ ಅದು ಯಾರ ಕಿವಿಗೂ ಬೀಳುತ್ತಿರಲಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಕೇಳಿದರೆ ಮಾತ್ರ ರೊಟ್ಟಿ ಬಡಿಯುವ ಕೈಗಳು ನಿಲ್ಲುತ್ತಿದ್ದವು. ಕಾಕಾಗೆ ಇದು ಗೊತ್ತಿತ್ತು, ಗೊತ್ತಿದ್ದುದೇ ಅವರನ್ನು ತಿನ್ನುತ್ತಿತ್ತು. "ಸಾಯಾವ ಒಬ್ಬ ತಂಗಿ. ಆದ್ರ ಆ ಸುಂಯ್ ಅನ್ನೂದ್ರಾಗ ಊರಾಗಿನ ಎಲ್ಲಾರ ಮನ್ಯಾಗೂ ಒಬ್ಬೊಬ್ಬರು ಸಾಯ್ತಾರ" ಎನ್ನುತ್ತಿದ್ದರು.

ಅವರ ದನಿ ಒಡೆಯತೊಡಗಿದಾಗ ಮೊದಲು ನೆಗಡಿ ಎಂದುಕೊಂಡೆವು. ಹುಬ್ಬಳ್ಳಿಯ ಡಾಕ್ಟರರು ನೋಡಿ, ಗಂಟಲಲ್ಲಿ ಗಡ್ಡೆ ಇದೆ, ತೆಗೆದರೆ ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದರು. ಬಸ್ಸಿಳಿದ ಕಾಕಾ ಮನೆಗೆ ಹೋಗದೆ ನೇರ ನನ್ನ ಕೋಣೆಗೆ ಬಂದರು. ನಮ್ಮ ಮನೆಯ ಮುಂದಿನ ಆ ಕೋಣೆಯಲ್ಲಿ ನಾನೊಂದು ಕಂಪ್ಯೂಟರ್ ಇಟ್ಟುಕೊಂಡು, ಪಹಣಿ ತೆಗೆದುಕೊಟ್ಟು, ಅರ್ಜಿ ತುಂಬಿಕೊಟ್ಟು ಹೊಟ್ಟೆ ಹೊರೆಯುತ್ತೇನೆ.

"ಇನ್ನ ಯಾರರೆ ಸತ್ರ ಹೇಳಾವ್ರ್ಯಾರು?" ಅಂದರು ಕಾಕಾ.

ನನ್ನ ಬಾಯಿ ಮೊದಲೇ ಒರಟು. "ಊರಾಗ ಮತ್ಯಾರೂ ಇಲ್ಲೇನ್ರಿ? ಈಗ ಎಲ್ಲಾರ ಕೈಯಾಗೂ ಫೋನ್ ಅದಾವು" ಅಂದೆ.

"ಹೊಲದಾಗ ಬಗ್ಗಿ ಕಳೇ ತಗಿಯಾವ್ರು ಫೋನ್ ನೋಡ್ತಾರೇನು? ನಮ್ಮವ್ವ ಸತ್ತಾಗ ನಾ ಹೊಲದಾಗಿದ್ದೆ. ಯಾರೂ ಹೇಳಲಿಲ್ಲ. ಮನಿಗೆ ಬರೂದ್ರಾಗ ಮಣ್ಣ ಮುಗದಿತ್ತು. ಅಕಿ ಮಾರಿ ನೋಡಲಿಲ್ಲ ನಾ." ಒಡೆದ ದನಿಯಲ್ಲಿ ಇಷ್ಟು ಹೇಳುವಷ್ಟರಲ್ಲಿ ಅವರಿಗೆ ದಮ್ಮು ಹತ್ತಿತ್ತು.

ನಾನು ಒಂದು ಉಪಾಯ ಹೇಳಿದೆ. ಆಪರೇಷನ್ನಿಗೆ ಮೊದಲೇ ಅವರ ದನಿಯನ್ನು ಕಂಪ್ಯೂಟರಿನಲ್ಲಿ ಹಿಡಿದಿಡುವುದು. ಊರ ಮಂದಿಯ ಹೆಸರುಗಳು ಬೇರೆ, ಓಣಿಗಳು ಬೇರೆ, "ನಮ್ಮನ್ನು ಅಗಲಿದ್ದಾರೆ" ಎನ್ನುವುದು ಬೇರೆ. ಬೇಕಾದಾಗ ನಾನು ಜೋಡಿಸಿ ಹಚ್ಚುವುದು. ಕಾಕಾ ಹಿಗ್ಗಿದರು. ಮರುದಿನ ಮುಂಜಾನೆಯೇ ಸ್ನಾನ ಮಾಡಿ ಬಂದು ಕೂತರು. ಮೊದಲ ಹೆಸರಿಗೇ ಬಾಯಿ ಕಟ್ಟಿತು.

"ಜೀವಂತ ಇದ್ದಾವ್ರ ಹೆಸರ ಆ ಮಾತಿನ ಸಲುವಾಗಿ ತಗೊಳ್ಳೂದ? ನನ್ನ ನಾಲಿಗಿ ಸುಟ್ಟೀತು."

ಅದು ನನಗೆ ಹೊಳೆದೇ ಇರಲಿಲ್ಲ. ಎಷ್ಟು ಪುಸಲಾಯಿಸಿದರೂ ಅವರು ಒಪ್ಪಲಿಲ್ಲ. ಚಹಾ ತಂದ ಕಾಕು ಬಾಗಿಲಲ್ಲೇ ನಿಂತು ಕೇಳಿಸಿಕೊಂಡು, "ಅದಕ್ಯಾಕ ಹೇಳ್ತೀರಿ? ಉಣ್ಣಾಕ ಕರೀರಲ್ಲ, ಲಗ್ನದಾಗ ಕರದಂಗ" ಅಂದರು. ಊರ ಲಗ್ನಗಳಲ್ಲಿ ಮೈಕು ಹಿಡಿದು ಮಂದಿಯನ್ನು ಪಂಕ್ತಿಗೆ ಕರೆಯುವವರೂ ಕಾಕಾನೇ ಆಗಿದ್ದರು.

ಹಾಗೆ ಕೆಲಸ ನಡೆಯಿತು. ದಿನಾ ಮುಂಜಾನೆ, ದನಿ ಸ್ವಲ್ಪ ತಿಳಿಯಾಗಿರುವಾಗ, ಓಣಿ ಹಿಡಿದು ಕರೆಯುತ್ತಾ ಹೋದರು. ಇಂಥವರೇ ಬರ್ರಿ ಊಟಕ್ಕ, ಇಂಥಾ ಅಕ್ಕಾರ ಬರ್ರಿ ಊಟಕ್ಕ. ಕಣ್ಣು ಮುಚ್ಚಿ, ಅವರವರ ಮನೆಯ ಬಾಗಿಲಿಗೆ ಹೋಗಿ ನಿಂತವರ ಹಾಗೆ ಕರೆಯುತ್ತಿದ್ದರು. ಬದುವಿನ ಜಗಳದಲ್ಲಿ ಮಾತು ಬಿಟ್ಟಿದ್ದ ಒಬ್ಬರ ಹೆಸರು ಬಂದಾಗ ನಿಲ್ಲಿಸಿ ನೀರು ಕುಡಿದರು. ಆಮೇಲೆ ಅವರನ್ನು ಎರಡು ಸಲ ಕರೆದರು. ಸಣ್ಣ ಮಕ್ಕಳ ಹೆಸರು ನಾನು ತೆಗೆದಾಗ ಮಾತ್ರ ಎದ್ದೇಬಿಟ್ಟರು. "ಹುಡ್ರನ್ನ ನಾ ಕರಿಯೂದಿಲ್ಲ" ಅಂದರು. ನಾನೂ ಒತ್ತಾಯ ಮಾಡಲಿಲ್ಲ.

ಅದೇ ದಿನಗಳಲ್ಲಿ ಗುಡಿಯವರು ಹಾರ್ನಿನ ವಾಯರನ್ನು ನನ್ನ ಕೋಣೆಯವರೆಗೆ ಎಳೆದು, ಹೊಸ ಅಂಪ್ಲಿಫೈಯರ್ ತಂದು ಅಲ್ಲೇ ಇಟ್ಟರು. ಅದು ಆನ್ ಆಗಿದೆಯೋ ಇಲ್ಲವೋ ಗೊತ್ತಾಗದಷ್ಟು ಸುಮ್ಮನೆ ಇರುತ್ತಿತ್ತು. ಆದರೆ ಕಂಪ್ಯೂಟರಿನಿಂದ ಅದಕ್ಕೆ ನೇರ ವಾಯರು ಜೋಡಿಸಿದರೆ ಹಾರ್ನು ಜೇನು ಎದ್ದ ಹಾಗೆ ಗುಂಯ್ಗುಡುತ್ತಿತ್ತು. ಕೊನೆಗೆ ನಾವು ನಮ್ಮದೇ ದಾರಿ ಹುಡುಕಿದೆವು. ಮೇಜಿನ ಮೇಲಿನ ಸ್ಪೀಕರಿನ ಮುಂದೆ ಮೈಕು ಇಟ್ಟೆವು, ಮನುಷ್ಯನ ಬಾಯಿಯ ಮುಂದೆ ಇಟ್ಟ ಹಾಗೆ. ದನಿ ಚೆನ್ನಾಗಿಯೇ ಹೋಯಿತು. ಜೊತೆಗೆ ನನ್ನ ಹಳೆಯ ಸ್ಪೀಕರಿನ ಸದ್ದೂ ಹೋಯಿತು. ಕೋಣೆಯಲ್ಲಿ ಕಿವಿಗೆ ಬೀಳದ ಸದ್ದು ಹಾರ್ನಿನಲ್ಲಿ ಸುಂಯ್ ಎಂದು ಊರೆಲ್ಲ ಹರಡಿತು.

ಕಾಕಾ ತಲೆಯ ಮೇಲೆ ಕೈ ಹೊತ್ತು ಕೂತರು. "ತೊಲಗ್ತು ಅನ್ಕೊಂಡಿದ್ನಲ್ಲ ಇದು. ಮತ್ತ ಬಂತಲ್ಲ" ಅಂದರು.

ಸರಿ, ಹೊಸ ಸ್ಪೀಕರ್ ತರಲು ಹುಬ್ಬಳ್ಳಿ ಬಸ್ಸು ಹತ್ತಿದೆವು. ಅಂಗಡಿಯವನು ಕೆಂಪು ಹಸಿರು ದೀಪ ಮಿಣಗುಟ್ಟುವ ಒಂದು ಜೋಡಿ ತಂದು ಹಾಡು ಹಚ್ಚಹೋದ. ಕಾಕಾ ಅವನ ಕೈ ಹಿಡಿದರು. "ಏನೂ ಹಚ್ಚಬ್ಯಾಡ್ರಿ. ಬರೇ ಆನ್ ಮಾಡಿ ದನಿ ಪೂರಾ ಏರಸ್ರಿ." ಸ್ಪೀಕರಿಗೆ ಕಿವಿ ಹಚ್ಚಿ ಕೂತರು. ಹಾಡಿಲ್ಲದಿದ್ದರೂ ಅದು ಬುಸುಗುಡುತ್ತಿತ್ತು. ಎರಡನೆಯದು ಕಂಪ್ಯೂಟರಿನಿಂದಲೇ ಕರೆಂಟು ಎಳೆದುಕೊಳ್ಳುವಂಥದ್ದು. ನಾನು ಮೌಸ್ ಸರಿಸಿದರೂ ಅದರೊಳಗೆ ಇಲಿ ಕೆರೆದಂತೆ ಕಿರಕಿರ ಅನ್ನುತ್ತಿತ್ತು. ಅಂಗಡಿಯವನಿಗೆ ತಾಳ್ಮೆ ಕೆಟ್ಟಿತು.

"ಕಾಕಾ, ಹಾಡ ಕೇಳದೇ ಸ್ಪೀಕರ್ ತಗೊಳ್ಳಾವ್ರನ್ನ ಇವತ್ತ ನೋಡಿದೆ ನಾ."

"ಹಾಡಿದ್ರ ಎಲ್ಲಾವೂ ಚಲೋನ ಹಾಡ್ತಾವ್ರಿ" ಅಂದರು ಕಾಕಾ, ಗಂಟಲು ಹಿಡಿದುಕೊಂಡು. "ಸುಮ್ನ ಹೆಂಗಿರ್ತಾವ ಅಂತ ನೋಡಾಕ ಬಂದೀನಿ."

ಅಂಗಡಿಯವನು ಆಮೇಲೆ ನಗಲಿಲ್ಲ. ಒಳಗಿನಿಂದ ಒಂದು ಸಾದಾ ಕರಿ ಜೋಡಿ ತಂದ. ಅದಕ್ಕೆ ಗೋಡೆಯಿಂದ ಬೇರೆಯೇ ಕರೆಂಟು, ದೀಪ ಗೀಪ ಏನಿಲ್ಲ. ಕಾಕಾ ಬಹಳ ಹೊತ್ತು ಕಿವಿ ಹಚ್ಚಿದರು. ಏನೂ ಇಲ್ಲ ಎಂದು ಕೈ ತಿರುವಿ ತೋರಿಸಿದರು. ಊರಿಗೆ ತಂದಾಗ ಒಂದಿಷ್ಟು ಸದ್ದು ಉಳಿದೇ ಇತ್ತು. ಅಂಗಡಿಗೆ ಫೋನು ಹಚ್ಚಿದೆ. ಅವನು ಹೇಳಿದಂತೆ ಕಂಪ್ಯೂಟರಿನಲ್ಲಿ ದನಿ ಏರಿಸಿ, ಸ್ಪೀಕರಿನ ತಿರುಗಣೆ ಇಳಿಸಿ, ಮೊಬೈಲ್ ಚಾರ್ಜರನ್ನು ದೂರ ಸರಿಸಿದೆ. ಆಗ ಪೂರಾ ನಿಂತಿತು. ಹಾರ್ನು ಆನ್ ಇದ್ದೂ ಗುಡಿಯ ಮೇಲಿನ ಪಾರಿವಾಳ ಹಾರಲಿಲ್ಲ. ಕಾಕಾ ಆ ಸಂಜೆ ಎಲ್ಲರ ಜೊತೆ ಮಾತಾಡಿದರು. ಮರುದಿನ ಆಪರೇಷನ್ನಿಗೆ ಹೋದರು.

ಅವರು ದವಾಖಾನೆಯಿಂದ ಬಂದ ಮೇಲೆ ಮೊದಲು ತೀರಿಕೊಂಡವರು ಮೇಲಿನ ಓಣಿಯ ಒಬ್ಬ ಹಿರಿಯರು. ಊಟಕ್ಕ ಬರ್ರಿ ಎಂಬುದನ್ನು ಕತ್ತರಿಸಿ, ಬರೀ ಹೆಸರಿಗೆ ಕೊನೆಯ ಮಾತು ಜೋಡಿಸಿ ಹಚ್ಚಿದೆ. ಕಾಕಾ ಕಟ್ಟೆಯ ಮೇಲೆ ಚಪ್ಪಲಿ ಬಿಟ್ಟು ನಿಂತರು. ಅವರ ದನಿ ಊರ ಮೇಲೆ ಹೋಯಿತು. ಮಾತು ಸಾವಿನದು, ಹೆಸರು ಕರೆದ ಬಗೆ ಮಾತ್ರ ಪಂಕ್ತಿಗೆ ಕರೆದ ಬಗೆಯೇ. ಯಾರೋ ಎಲೆ ಹಾಕಿಕೊಂಡು ಆ ಹಿರಿಯರಿಗಾಗಿ ಕಾಯುತ್ತಿದ್ದಾರೆ ಎನ್ನಿಸುವಂತಿತ್ತು.

ಸ್ವಲ್ಪ ಹೊತ್ತಿಗೆ ಎದುರು ಮನೆಯ ಆಯಿ ಸೀರೆಯೆಲ್ಲ ತೋಯಿಸಿಕೊಂಡು ಜಗಳಕ್ಕೆ ಬಂದರು. ಟೊಂಕದ ಮೇಲಿನ ಕೊಡ ಕೈತಪ್ಪಿ ಕಾಲ ಮೇಲೆ ಬಿದ್ದಿತ್ತು.

"ಏ, ಮೊದಲ ಸುಂಯ್ ಅಂತಿತ್ತು. ಕೊಡಾ ಇಳಸ್ತಿದ್ವಿ, ಗ್ವಾಡಿ ಹಿಡೀತಿದ್ವಿ, ದೇವರ ಹೆಸರ ತಗೋತಿದ್ವಿ. ಈಗ ಹಿಂಗ ಒಮ್ಮಿಗೇ ಬಂದು ಬಡದ್ರ ಮುದುಕ್ಯಾರು ಏನ್ ಮಾಡಬೇಕು?"

ಕಾಕಾ ನಕ್ಕರು, ಬಟ್ಟೆ ಹಾರಿತು. ಮರುಗಳಿಗೆ ಅದು ಒಳಕ್ಕೆ ಎಳೆದುಕೊಂಡು ನಿಂತಿತು. ಇಷ್ಟು ವರ್ಷ ಅವರು ಊರಿನ ಹೆದರಿಕೆ ಎಂದುಕೊಂಡಿದ್ದನ್ನು ಊರು ತನ್ನ ಕೈಯಾಸರೆ ಮಾಡಿಕೊಂಡಿತ್ತು. ಅದು ಅವರಿಗೂ ಗೊತ್ತಿರಲಿಲ್ಲ, ನನಗಂತೂ ಗೊತ್ತಿರಲೇ ಇಲ್ಲ. ಅವರು ಮೂಲೆಯಲ್ಲಿ ಬಿದ್ದಿದ್ದ ನನ್ನ ಹಳೆಯ ಸ್ಪೀಕರನ್ನು ತೋರಿಸಿದರು, ಮೈಕು ತೋರಿಸಿದರು. ಹಳೆಯದರ ಸುಂಯ್ ಎನ್ನುವುದನ್ನು ಕಂಪ್ಯೂಟರಿನಲ್ಲಿ ಹಿಡಿದು, ಹೆಸರಿಗಿಂತ ಮೊದಲು ಸೇರಿಸಿದೆ. ಒಂದು ಕೊಡ ಇಳಿಸಿಡುವಷ್ಟು ಹೊತ್ತು. ಇಡೀ ದಿನ ಹುಬ್ಬಳ್ಳಿಯಲ್ಲಿ ಸದ್ದಿಲ್ಲದ್ದು ಬೇಕೆಂದು ಹುಡುಕಿ ತಂದ ಸ್ಪೀಕರಿನಲ್ಲಿ ಈಗ ಆ ಸದ್ದನ್ನೇ ಹಚ್ಚುತ್ತೇನೆ.

ಹೌದು, ಈಗಲೂ ಹಚ್ಚುತ್ತೇನೆ. ಕಾಕಾ ಇಲ್ಲ, ಆದರೂ ಊರಿಗೆ ಅವರ ದನಿಯೇ ಬೇಕು. ಕೆಲವರು ನನ್ನ ಕೋಣೆಯ ಮುಂದೆ ಹಾಯುವಾಗ ಸೆರಗು ಬಿಗಿ ಹಿಡಿದು ಬಿರಬಿರನೆ ಹೋಗುತ್ತಾರೆ. ಇನ್ನು ಕೆಲವರು ಒಳಗೆ ಬಂದು, "ನಂದೂ ಐತೇನ್ರಿ ಅದರಾಗ?" ಎಂದು ಮೆಲ್ಲಗೆ ಕೇಳುತ್ತಾರೆ. ನನ್ನದೂ ಇದೆ. ಕಾಕಾ ಅದನ್ನು ಹೇಳುವಾಗ ನಾನೇ ಎದುರು ಕೂತಿದ್ದೆ, ಆದರೆ ಅಂದಿನಿಂದ ಆ ಫೈಲನ್ನು ತೆರೆದಿಲ್ಲ. ತೆರೆಯಲು ನನಗೆ ಭಯ.

ಕಾಕಾ ಹೋದದ್ದು ಕಡಲೆ ಕೀಳುವ ದಿನಗಳಲ್ಲಿ. ಒಂದು ಮುಂಜಾನೆ ಕಾಕು ನಡುವಿನ ಗೋಡೆ ಬಡಿದರು. ನಾನು ಹೋಗುವಷ್ಟರಲ್ಲಿ ಮುಗಿದಿತ್ತು. ಊರ ಮಂದಿಯೆಲ್ಲ ಹೊಲದಲ್ಲಿದ್ದರು. ಹೇಳಬೇಕಲ್ಲ ಎಂದು ಓಡಿಬಂದು ಕಂಪ್ಯೂಟರ್ ಹಚ್ಚಿದೆ, ಮೈಕು ಇಟ್ಟೆ, ಹೆಸರು ಹುಡುಕಿದೆ. ಅವರ ಹೆಸರು ಇರಲಿಲ್ಲ. ಊರನ್ನೆಲ್ಲ ಊಟಕ್ಕೆ ಕರೆದವರು ತಮ್ಮನ್ನು ತಾವು ಕರೆದುಕೊಂಡಿರಲಿಲ್ಲ. ಅವರ ಮನೆಯದೆಂದು ಇದ್ದುದು ಒಂದೇ ಫೈಲು. ಗಾಬರಿಯಲ್ಲಿ ಅದನ್ನೇ ಒತ್ತಿದೆ. ಹಾರ್ನು ಇನ್ನೂ ಆನ್ ಆಗಿರಲಿಲ್ಲ, ದನಿ ಕೋಣೆಯಲ್ಲಷ್ಟೇ ಕೇಳಿತು. ಕಾಕಾ ಕಾಕುವಿನ ಹೆಸರು ಹಿಡಿದು ಕರೆಯುತ್ತಿದ್ದರು: "ಬಾ, ನೀನೂ ಕುಂಡ್ರು ಊಟಕ್ಕ."

"ಬಂದ್ನಿರೀ" ಎಂಬ ಉತ್ತರ ನನ್ನ ಬೆನ್ನ ಹಿಂದಿನಿಂದ ಬಂತು.

ಬಾಗಿಲಲ್ಲಿ ಕಾಕು ನಿಂತಿದ್ದರು. ಅವರು ಒಳಗೆ ಬಂದರು, ಸ್ಪೀಕರನ್ನು ಒಮ್ಮೆ ನೋಡಿದರು, ಕಣ್ಣೊರೆಸಿಕೊಂಡರು.

"ಇವ್ರ ಹೆಸರ ಇಲ್ಲೇನವಾ ಅದರಾಗ?"

"ಇಲ್ರಿ ಕಾಕು. ನಾ ಹೇಳ್ತೀನಿ ಬಿಡ್ರಿ."

"ಬ್ಯಾಡ. ಕೊಡಿಲ್ಲೆ."

ಮೈಕು ಇಸಿದುಕೊಂಡರು. ಗಂಡನ ಹೆಸರು ಹಿಡಿಯಬಾರದೆಂದು ಬೆಳೆದ ಹೆಂಗಸು ಅವರು. ರೇಷನ್ ಅಂಗಡಿಯಲ್ಲಿ ಯಜಮಾನರ ಹೆಸರು ಕೇಳಿದರೂ ನನ್ನ ಮುಖ ನೋಡುತ್ತಿದ್ದರು, ನಾನೇ ಹೇಳುತ್ತಿದ್ದೆ. ನಾನು ಸ್ವಿಚ್ ಒತ್ತಿದೆ. ಕಾಕು ಎರಡೂ ಕೈಯಲ್ಲಿ ಮೈಕು ಹಿಡಿದು ಆ ಹೆಸರನ್ನು ಹೇಳಿದರು. ಅವಸರ ಮಾಡಲಿಲ್ಲ. ಅಪ್ಪನ ಹೆಸರು, ಮನೆತನದ ಹೆಸರು, ಎಲ್ಲ ಸೇರಿಸಿ ಹೇಳಿದರು. "ನಮ್ಮ ಮನಿಯವ್ರು ಮುಂಜಾನೆ ಹೋಗ್ಯಾರ. ಎಲ್ಲಾರೂ ಬರ್ರಿ" ಅಂದರು.

ಮೈಕು ಕೆಳಗಿಟ್ಟರು. ಆಗ ಏನೋ ನೆನಪಾದವರಂತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಗೋಡೆಯಾಚೆಯ ತಮ್ಮ ಮನೆಯ ಕಡೆ ನೋಡಿದರು.

"ಹೆಸರ ಹಿಡದೆ. ಇವ್ರಿಗೆ ಕೇಳಿಸ್ತೇನವಾ?" ಅಂದರು.