ಕುಂಕುಮ ಹಚ್ಚಿದ ಬಿಡುಗಡೆ ಪತ್ರ

ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದೆ. ಮೊರದ ಅಂಚಿಗೆ ಹರಳು ಸರಿಸುವಷ್ಟರಲ್ಲಿ ನಮ್ಮ ಮನೆಯವರು ನಗರಸಭೆ ಕಚೇರಿಯಿಂದ ಬಂದರು. ಚಪ್ಪಲಿಯನ್ನೂ ಬಿಡಲಿಲ್ಲ, ಹೊಸ್ತಿಲ ಹೊರಗೇ ನಿಂತು ಹೇಳಿದರು.

“ನಿನ್ನ ಹೆಸರು ಹಚ್ಚೂದು ಆಗೂದಿಲ್ಲಂತ. ಉತಾರದಾಗ ಸಂಘದ ಬೋಜಾ ಇನ್ನೂ ಹಂಗ ಐತಿ.”

ಇಳಕಲ್ಲಿನ ಈ ಮನೆಯನ್ನು ಒಂದು ಪತ್ತಿನ ಸಂಘಕ್ಕೆ ಅಡವಿಟ್ಟು, ಹಿಂದಿನ ಕೋಣೆಯಲ್ಲಿ ಎರಡು ಪವರ್‌ಲೂಮ್ ಹಾಕಿದ್ದೆವು. ಆ ಸಾಲ ಮುಗಿದು ವರ್ಷದ ಮೇಲಾಗಿತ್ತು. ಕೊನೆಯ ಕಂತುಗಳಿಗೆ ನನ್ನ ತವರಿನ ಬೋರಮಾಳ ಸರ ಹೋಯಿತು. ಅದನ್ನು ಕೊರಳಿಂದ ತೆಗೆದುಕೊಟ್ಟ ದಿನ ನಾನು ಒಂದೇ ಮಾತು ಕೇಳಿದ್ದೆ: ಮನೆ ಯಾರದೆಂದು ಹೇಳುವ ಉತಾರದಲ್ಲಿ ಅವರ ಹೆಸರಿನ ಪಕ್ಕ ನನ್ನ ಹೆಸರೂ ಬರಬೇಕು. ಅವರು ಹೂಂ ಅಂದಿದ್ದರು. ಈಗ ನೋಡಿದರೆ ಮನೆಯ ಮೇಲೆ ಸಂಘದ ಸಾಲವಿದೆ ಎಂಬ ಸಾಲು ಉತಾರದಲ್ಲಿ ಹಾಗೇ ಕೂತಿತ್ತು. ಅದು ಹೋಗುವ ತನಕ ಆ ಕಾಗದದಲ್ಲಿ ಯಾರ ಹೆಸರೂ ಸೇರುವಂತಿರಲಿಲ್ಲ.

“ಸಾಲ ಮುಗದೈತಲ್ರಿ?”

“ಮುಗದೈತಿ. ಮುಗದೈತಿ ಅಂತ ಸಂಘ ಕೊಟ್ಟ ಪತ್ರಾನ ಕಚೇರಿಗೆ ಕೊಡಬೇಕಿತ್ತಂತ. ನಾವು ಕೊಟ್ಟಿಲ್ಲ.”

ಕೊಟ್ಟಿರಲಿಲ್ಲ, ಖರೆ. ಆ ಪತ್ರ ದೇವರ ಜಗಲಿಯ ಮೇಲಿತ್ತು. ನಮ್ಮದು ನೇಕಾರರ ಮನೆ. ಹೊಸ ಹಾಸು ಮಗ್ಗಕ್ಕೆ ಏರಿದರೂ, ಹೊಸ ಮಿಕ್ಸಿ ಬಂದರೂ ಮೊದಲು ಅರಿಷಿಣ-ಕುಂಕುಮ ಆಗಬೇಕು. ಸಾಲ ಮುಗಿದ ದಿನ ಬಿಡುಗಡೆ ಪತ್ರಕ್ಕೂ ಅರಿಷಿಣ-ಕುಂಕುಮ ಕಲಸಿ ಬೆರಳು ತುಂಬ ಹಚ್ಚಿದ್ದೆ. ಕೆಂಪು ಅರಿವೆಯಲ್ಲಿ ಸುತ್ತಿ ಬನಶಂಕರಿ ತಾಯಿಯ ಫೋಟೋದ ಮುಂದೆ ಇಟ್ಟಿದ್ದೆ. ಮರುದಿನ ಬಾದಾಮಿಯ ಬಸ್ಸು ಹತ್ತಿ ಹೋಗಿ ತಾಯಿಗೆ ಉಡಿ ತುಂಬಿ, ಗುಡಿಯ ಹೊಂಡದ ಕಡೆಯ ನೆರಳಲ್ಲಿ ಕೂತು, ಚೊಳಚಗುಡ್ಡದ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ತರುವ ರೊಟ್ಟಿ-ಮೊಸರು ಉಂಡು ಬಂದಿದ್ದೆವು. ಸಾಲ ಹರಿಯಿತೆಂದು ತಾಯಿಗೆ ಹೇಳಿದ್ದೆವು. ಕಚೇರಿಗೆ ಹೇಳಿರಲಿಲ್ಲ.

ಅರಿವೆ ಬಿಚ್ಚಿದೆ. ವರ್ಷದ ಮೇಲಿನ ದೀಪದ ಎಣ್ಣೆ ಇಳಿದು ಕುಂಕುಮ ಕಾಗದದ ತುಂಬ ಹರಡಿತ್ತು. ಕೆಳಗೆ, ಸಂಘದ ಮುದ್ರೆ-ಸಹಿ ಇದ್ದ ಜಾಗದಲ್ಲಿ, ನನ್ನ ಹೆಬ್ಬೆರಳಿನ ಗುರುತೇ ಕಾಣುತ್ತಿತ್ತು. ಮನೆಯ ಖರೀದಿ ಪತ್ರ ಬೇರೆ ಪೆಟ್ಟಿಗೆಯಲ್ಲಿತ್ತು, ಅದಕ್ಕೆ ಏನೂ ಆಗಿರಲಿಲ್ಲ. ಅಷ್ಟನ್ನಾದರೂ ಕಾಪಾಡಿದೆಯಲ್ಲ ತಾಯಿ ಎಂದು ಅಲ್ಲೇ ಕೈ ಮುಗಿದೆ.

ಕಚೇರಿಯ ಗುಮಾಸ್ತ ಪತ್ರವನ್ನು ಬೆಳಕಿಗೆ ಹಿಡಿದು ನೋಡಿದ.

“ಶಿಕ್ಕಾ ಕಾಣೂದಿಲ್ಲ, ಸಹಿ ಕಾಣೂದಿಲ್ಲ. ಅಕ್ಕಾರ, ಇದಕ್ಕ ಕಾಯಿ ಒಂದು ಒಡಿಯೂದು ಬಾಕಿ ಐತಿ ನೋಡ್ರಿ.”

“ಅದೂ ಒಡದೇವಪಾ,” ಎಂದೆ.

ಅಲ್ಲಿಂದ ಸಂಘಕ್ಕೆ ಹೋದೆವು. ಹಳೆಯ ಸೆಕ್ರೆಟರಿ ನಿವೃತ್ತರಾಗಿ ಹೊಸಬರು ಬಂದಿದ್ದರು. ಉತಾರಕ್ಕೆ ನನ್ನ ಹೆಸರು ಸೇರಿಸಲು ಹೊಸ ಪತ್ರ ಬೇಕೆಂದೆವು. ನಮ್ಮ ಪತ್ರವನ್ನು ಅವರು ಮುಟ್ಟಲೂ ಇಲ್ಲ.

“ಒಮ್ಮೆ ಕೊಟ್ಟ ಪತ್ರ ಮತ್ತ ಕೊಡೂದಿಲ್ರಿ. ಕಳದೈತಿ ಅಂತ ಅಫಿಡವಿಟ್ ಮಾಡಸ್ರಿ. ಪೊಲೀಸ್ ಸ್ಟೇಷನ್ನಿಗೆ ಒಂದು ಅರ್ಜಿ ಕೊಡ್ರಿ. ಆಮ್ಯಾಲೆ ನೋಡೋಣ.”

“ಕಳದಿಲ್ಲಲ್ರಿ ಸಾಹೇಬ್ರ. ಇಲ್ಲೇ ಐತಿ, ನನ್ನ ಕೈಯಾಗ.”

“ಐತಿ, ಖರೆ. ಕಳದೈತಿ ಅಂತ ಬರದ್ರ ಕೆಲಸ ಲಗೂನ ಆಗತೈತಿ. ಎಲ್ಲಾರೂ ಹಂಗ ಮಾಡ್ತಾರ.”

“ದೇವರ ಮುಂದ ಇಟ್ಟಿದ್ದನ್ನ ಕಳದೈತಿ ಅಂತ ಆಣಿ ಮಾಡಾಕ ಆಗೂದಿಲ್ರಿ.”

ಅವರು ನನ್ನನ್ನು ಬಿಟ್ಟು ನಮ್ಮ ಮನೆಯವರ ಕಡೆ ತಿರುಗಿದರು. “ನಿಮ್ಮ ಹೆಸರಿನ್ಯಾಗ ಐತಲ್ಲ ಮನಿ? ಇವ್ರ ಹೆಸರು ಯಾಕ ಬೇಕು? ಗಂಡಂದು ಅಂದ್ರ ಹೆಂಡತೀದ ಅಲ್ಲೇನು?”

“ಹಂಗಾದ್ರ ಸಾಲ ಕೊಡುವಾಗ ನನ್ನ ಸಹಿ ಯಾಕ ತೊಗೊಂಡ್ರಿ?” ಎಂದೆ. “ಆವಾಗೂ ಗಂಡನ ಸಹಿ ಒಂದ ಸಾಕಿತ್ತಲ್ಲ?”

ಅವರು ಮೊಬೈಲು ನೋಡತೊಡಗಿದರು.

ದಾರಿಯಲ್ಲಿ ಮನೆಯವರು ಸಿಟ್ಟಾದರು. “ಒಂದು ಸಹಿ ಮಾಡಿದ್ರ ದೇವರು ಮುನಿಸ್ಕೊಳ್ಳೂದಿಲ್ಲ. ಮಗ್ಗ ನಿಂದ್ರಿಸಿ ದಿನಾ ತಿರಗಾಕ ನನಗ ಆಗೂದಿಲ್ಲ.”

“ನೀವು ತಿರಗಬ್ಯಾಡ್ರಿ. ನಾ ಹೋಗ್ತೇನಿ. ಆದ್ರ ಆ ಸುಳ್ಳಿಗೆ ನೀವೂ ಸಹಿ ಮಾಡಬ್ಯಾಡ್ರಿ.”

ಬೋರಮಾಳ ಸರ ಕೊಟ್ಟು ಬಿಡಿಸಿಕೊಂಡ ಮನೆ ಅದು. ಅದರ ಕಾಗದದಲ್ಲಿ ನನ್ನ ಹೆಸರು ಸುಳ್ಳು ಆಣೆಯ ಮೇಲೆ ಕೂಡುವುದು ನನಗೆ ಬೇಕಿರಲಿಲ್ಲ. ಹೆಸರು ಬರದೇ ಇರುವುದೂ ಬೇಕಿರಲಿಲ್ಲ.

ಮರುದಿನದಿಂದ ಬೆಳಗಿನ ರೊಟ್ಟಿ ಬಡಿದು, ಒಂದು ಸೀರೆ ಚೀಲಕ್ಕೆ ಹಾಕಿಕೊಂಡು ಸಂಘಕ್ಕೆ ಹೋಗತೊಡಗಿದೆ. ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತು ಸೆರಗಿಗೆ ಗೊಂಡೆ ಕಟ್ಟುತ್ತಿದ್ದೆ. ಜಗಳ ಮಾಡಲಿಲ್ಲ, ದನಿ ಎತ್ತಲಿಲ್ಲ. ಸೆಕ್ರೆಟರಿ ಬಂದಾಗ ಎದ್ದು, “ಪತ್ರ ಕೊಡ್ರಿ” ಎನ್ನುತ್ತಿದ್ದೆ. “ಅಫಿಡವಿಟ್ ತರ್ರಿ” ಎನ್ನುತ್ತಿದ್ದರು. ಮತ್ತೆ ಕೂಡುತ್ತಿದ್ದೆ. ತಲೆಯ ಮೇಲೆ ಫ್ಯಾನಿತ್ತು. ಎರಡನೆಯ ದಿನ ಅಲ್ಲಿನ ಸಿಪಾಯಿ ಕೇಳದೇ ನೀರು ತಂದುಕೊಟ್ಟ. ಇಂಥ ಪುಣ್ಯವನ್ನು ನಾನು ಮರೆಯುವವಳಲ್ಲ.

ನಾಲ್ಕನೆಯ ದಿನ ಸೆಕ್ರೆಟರಿಗೆ ಬೇಜಾರಾಗಿರಬೇಕು. ನಮ್ಮ ಸಾಲ ನಿಜಕ್ಕೂ ಮುಗಿದಿದೆಯೋ ಇಲ್ಲವೋ ನೋಡುತ್ತೇನೆಂದು ಆ ವರ್ಷದ ಸಾಲದ ಪುಸ್ತಕ ತರಿಸಿದರು. ಸಿಪಾಯಿ ಅದನ್ನು ಮೇಜಿನ ಮೇಲಿಟ್ಟು ಮೊದಲ ಹಾಳೆ ತೆರೆದ. ನಾನು ಸೀರೆ ಬಿಟ್ಟು ಎದ್ದು ಹೋದೆ.

ಹಾಳೆಯ ನಡುವೆ ‘ಶ್ರೀ’ ಎಂದು ಬರೆದಿತ್ತು. ಅದರ ಸುತ್ತ ಐದು ಬೆರಳಿನ ಕುಂಕುಮ. ಎಲೆ-ಅಡಿಕೆ ಇಟ್ಟಲ್ಲಿ ಕಂದು ಕಲೆ. ಕೆಳಗೆ ಹೊಡೆದ ಸಂಘದ ಶಿಕ್ಕಾದ ಅರ್ಧ ಕುಂಕುಮದಲ್ಲಿ ಮುಚ್ಚಿಹೋಗಿತ್ತು. ದೀಪಾವಳಿ ಪಾಡ್ಯದ ಪೂಜೆಯದು. ಯಾವ ಅಂಗಡಿಗೆ ಹೋದರೂ ಹೊಸ ಪುಸ್ತಕ ಹೀಗೇ ಇರುತ್ತದೆ.

ನನ್ನ ಪತ್ರವನ್ನು ಅದರ ಪಕ್ಕದಲ್ಲಿಟ್ಟೆ.

“ಈ ಶಿಕ್ಕಾ ಓದ್ರಿ ಸಾಹೇಬ್ರ.”

ಸೆಕ್ರೆಟರಿ ಪುಸ್ತಕವನ್ನೂ ಪತ್ರವನ್ನೂ ನೋಡಿದರು.

“ನಿಮ್ಮ ಪುಸ್ತಕಕ್ಕ ಹಚ್ಚಿದ್ರ ಪೂಜಾ, ನನ್ನ ಕಾಗದಕ್ಕ ಹಚ್ಚಿದ್ರ ಹಾಳಾತೇನ್ರಿ? ಈ ಪುಸ್ತಕಾನೂ ಕಳದೈತಿ ಅಂತ ಬರಕೊಡ್ರಿ ಹಂಗಾರ. ಇಬ್ರೂ ಕೂಡೇ ಸ್ಟೇಷನ್ನಿಗೆ ಹೋಗೋಣು.”

ಸಿಪಾಯಿ ಬಾಯಿಗೆ ಕೈ ಹಿಡಿದು ಹೊರಗೆ ಹೋದ.

“ಅಕ್ಕಾರ, ನೀವು ಭಾಳ ಮಾತಾಡ್ತೀರಿ.”

“ಮಾತಲ್ರಿ. ಒಂದು ಪತ್ರ ಕೇಳಾಕತ್ತೇನಿ.”

ಅವರು ಹಾಳೆ ತಿರುವಿ ನಮ್ಮ ಖಾತೆ ಹುಡುಕಿದರು. ಸಾಲ ಮುಗಿದ ಸಾಲು ಒಳಗಿನ ಹಾಳೆಯಲ್ಲಿ ಚೊಕ್ಕವಾಗಿ ಇತ್ತು. ಕಂಪ್ಯೂಟರಿನ ಮುಂದೆ ತಾವೇ ಕೂತು ಪತ್ರ ಮಾಡಿದರು. ಮೊದಲ ಪತ್ರದ ಮೇಲೆ ಕಲೆ ಬಿದ್ದು ಓದಲು ಬಾರದ್ದರಿಂದ ಅದನ್ನು ವಾಪಸು ಪಡೆದು ಇದನ್ನು ಕೊಡಲಾಗಿದೆ ಎಂದು ಓದಿ ಹೇಳಿದರು.

“ಕಲೆ ಅಲ್ರಿ ಅದು. ಕುಂಕುಮ ಅಂತ ಹಾಕ್ರಿ.”

“ಅಕ್ಕಾರ, ಇಷ್ಟಕ್ಕ ಬಿಡ್ರಿ ನನ್ನ.”

ಅದೊಂದನ್ನು ಬಿಟ್ಟುಕೊಟ್ಟೆ.

ಪತ್ರವನ್ನು ಮನೆಗೂ ತರದೆ ಸೀದಾ ಕಚೇರಿಗೆ ಕೊಟ್ಟು, ಮುಟ್ಟಿದ್ದಕ್ಕೆ ಚೀಟಿ ಬರೆಸಿಕೊಂಡೆ. ಆಮೇಲೂ ಮೂರು ಸಲ ಹೋಗಬೇಕಾಯಿತು. ಒಮ್ಮೆ ಸಾಹೇಬರು ರಜೆ, ಒಮ್ಮೆ ಕಂಪ್ಯೂಟರ್ ಬಂದ್. ಮೂರನೆಯ ಸಲ ಮನೆಯವರೇ ಮಗ್ಗ ನಿಲ್ಲಿಸಿ ಹೋದರು. ಹೋಗಿರೆಂದು ನಾನು ಹೇಳಿರಲಿಲ್ಲ.

ಮಧ್ಯಾಹ್ನ ಬಂದು ಉತಾರವನ್ನು ನನ್ನ ಕೈಗೆ ಕೊಟ್ಟರು. ಬೋಜಾ ಇದ್ದ ಜಾಗ ಖಾಲಿ. ಮೇಲೆ ಅವರ ಹೆಸರು, ಅದರ ಕೆಳಗೆ ನನ್ನದು. ಪಕ್ಕ ಕೇಳಿದ್ದೆ, ಕೆಳಗೆ ಬಂದಿತ್ತು. ಇರಲಿ, ಅಕ್ಷರದ ಗಾತ್ರ ಒಂದೇ ಇತ್ತು.

“ಇದನ್ನೂ ಜಗಲಿ ಮ್ಯಾಗ ಇಡ್ತಿಯೇನು?” ಎಂದರು. ಮೀಸೆಯೊಳಗೆ ನಗುತ್ತಿದ್ದರು.

“ಇಡ್ತೇನಿ. ಪ್ಲಾಸ್ಟಿಕ್ ಚೀಲದಾಗ ಹಾಕಿ, ಚೀಲಕ್ಕ ಹಚ್ತೇನಿ ಕುಂಕುಮ.”

ಹಾಗೇ ಮಾಡಿದೆ. ಒಲೆಯ ಮೇಲೆ ಎಸರು ಕುದಿದು ಅರ್ಧಕ್ಕೆ ಬಂದಿತ್ತು. ಇನ್ನಷ್ಟು ನೀರು ಹಾಕಿ, ಡಬ್ಬಿಯಿಂದ ಜೋಳದ ಹಿಟ್ಟು ತೆಗೆದು ನಾದಲು ಕೂತೆ.