ಇಮಾಮಸಾಬ ಕಾಕಾನ ಬೋರಿನಲ್ಲಿ ನೀರಿತ್ತು

ನಿಮ್ಮ ಬೋರು ಸೋತಿರಲಿಲ್ಲ, ಇಮಾಮಸಾಬ ಕಾಕಾ. ಸುಳ್ಳು ಹೇಳಿದವಳು ನಾನು — ಗೊತ್ತಿದ್ದೂ ಗೊತ್ತಿದ್ದೂ ಹೇಳಿದೆ. ಕಣ್ಣೀರು ಹಾಕಿ ಕ್ಷಮೆ ಕೇಳುವ ಜಾಯಮಾನ ನನ್ನದಲ್ಲ, ಅದನ್ನೂ ಮೊದಲೇ ಹೇಳಿಬಿಡುತ್ತೇನೆ.

ಬಾಟಲಿ ನೀರಿನ ಕಾರ್ಖಾನೆಯವರು ಶಿಗ್ಲಿಯ ನಿಮ್ಮ ಹೊಲವನ್ನು ಬಾಡಿಗೆಗೆ ಹಿಡಿಯಲು ಬಂದಾಗ, ಬೋರು ಪರೀಕ್ಷಿಸಲು ಗದಗಿನಿಂದ ನನ್ನನ್ನು ಕರೆಸಿದ್ದರು. ಆ ಬಾಡಿಗೆ ಬಂದರೆ ಮೊಣಕಾಲು ನೋವಿನ ನೀವು ಒಕ್ಕಲುತನ ಬಿಟ್ಟು, ಲಕ್ಷ್ಮೇಶ್ವರದಲ್ಲಿ ಮಗಳ ಜೊತೆ ಬಳೆ ಅಂಗಡಿ ಇಡುವವರಿದ್ದಿರಿ.

ನನ್ನ ಕೆಲಸ ಸರಳ. ಜನರೇಟರ್ ಹಚ್ಚಿ ಒಂದೇ ಸಮ ನೀರೆತ್ತುವುದು. ಮಟ್ಟ ಎಷ್ಟು ಇಳಿಯಿತು, ಪಂಪು ನಿಂತ ಮೇಲೆ ಎಷ್ಟು ಬೇಗ ಏರಿತು ಎಂದು ಅಳೆಯುವುದು. ಕೆಳಗಿನ ಬಂಡೆ ಎಷ್ಟು ನೀರು ಹಿಡಿದಿದೆ, ಎಷ್ಟು ಬಿಟ್ಟುಕೊಡುತ್ತದೆ ಎಂಬುದು ಅದರಿಂದಲೇ ಗೊತ್ತಾಗುತ್ತದೆ. ಸುತ್ತಲಿನ ಪಂಪುಗಳು ಮಾತ್ರ ಬಂದ್ ಇರಬೇಕು, ಅವೂ ಅದೇ ನೀರನ್ನೇ ಎಳೆಯುತ್ತವೆ. ಎಲ್ಲರೂ ಬಂದ್ ಮಾಡಿದ್ದರು. ಆದರೆ ಕರೆಂಟು ಬಂದಾಗ ತಾನೇ ಚಾಲೂ ಆಗಲೆಂದು ಸ್ಟಾರ್ಟರನ್ನು ಆಟೋಕ್ಕೆ ಹಾಕಿಡುವುದು ನಮ್ಮ ಕಡೆ ರೂಢಿಯಲ್ಲವೇ — ಪಕ್ಕದ ಹೊಲದವರು ಅದನ್ನು ತೆಗೆಯಲು ಮರೆತಿದ್ದರು. ತ್ರೀ-ಫೇಸ್ ಕರೆಂಟು ಬಂತು, ಅವರ ಪಂಪು ಚಾಲೂ ಆಯಿತು, ನಿಮ್ಮ ಬೋರಿನ ಮಟ್ಟ ಸರ್ರನೆ ಕುಸಿಯಿತು. ಜನರೇಟರ್ ಸದ್ದಿನಲ್ಲಿ ನಿಮಗೆ ಏನೂ ಕೇಳಿಸಲಿಲ್ಲ. ನಾನು ಬದುವಿನವರೆಗೆ ಹೋಗಿ, ಅವರ ಪೈಪಿನಿಂದ ನೀರು ಬೀಳುವುದನ್ನು ಕಣ್ಣಾರೆ ನೋಡಿ ಬಂದೆ. ಪರೀಕ್ಷೆ ನಿಲ್ಲಿಸಿ ಹೊಸದಾಗಿ ಮಾಡಬೇಕಿತ್ತು — ಮಾಡಲಿಲ್ಲ.

"ಅಕ್ಕಾರ, ಹಂಗಾರ ನಮ್ ಬೋರಿನ್ಯಾಗ ನೀರು ನಿಲ್ಲಂಗಿಲ್ಲೇನ್ರಿ?" ಎಂದಿರಿ.

"ನಿಲ್ಲಂಗಿಲ್ರಿ ಕಾಕಾ" ಎಂದೆ.

ಕಾರ್ಖಾನೆ ಹೋಯಿತು. ಹೋಗಲಿ! ಅವರು ಹಗಲೂ ರಾತ್ರಿ ನೀರೆತ್ತಿದ್ದರೆ ಸುತ್ತಲಿನವರ ಬೋರುಗಳ ಗತಿ ಏನಾಗುತ್ತಿತ್ತು? ಅದು ಬರಲಿಲ್ಲವೆಂದು ಇಂದಿಗೂ ನನಗೆ ಎಳ್ಳಷ್ಟೂ ಬೇಸರವಿಲ್ಲ. ಬೈಯುವವರು ಬೈಯಲಿ. ಆದರೆ —

ಮೊನ್ನೆ ಶಿಗ್ಲಿಗೆ ಬಂದಾಗ ನೋಡಿದೆ. ನನ್ನ ಮಾತು ನಂಬಿ ನೀವು ಪಂಪು ಎತ್ತಿಸಿ ಮಾರಿಬಿಟ್ಟಿದ್ದೀರಿ. ಮಳೆ ನಂಬಿ ಬಿತ್ತುತ್ತಿದ್ದೀರಿ, ಅದೇ ಮೊಣಕಾಲು ಎಳೆಯುತ್ತ. ಕಾಲ ಕೆಳಗೆ ನೀರಿಟ್ಟುಕೊಂಡು ಒಣಬೇಸಾಯ! ಇದನ್ನು ನಾನು ಎಣಿಸಿರಲಿಲ್ಲ — ಎಣಿಸಬೇಕಿತ್ತು. ಕಾರ್ಖಾನೆ ಬೇಡ ಎಂದು ಊರೆದುರು ಹೇಳುವ ಎದೆಗಾರಿಕೆ ನನಗಿರಲಿಲ್ಲ, ಅದಕ್ಕೇ ತಪ್ಪನ್ನು ನಿಮ್ಮ ಬೋರಿನ ಮೇಲೆ ಹಾಕಿದೆ. ಅದು ಹೇಡಿತನ, ಬೇರೆ ಹೆಸರಿಲ್ಲ.

ಬರುವ ಸೋಮವಾರ ನಾನೇ ಪಂಪು ತಂದು ಮತ್ತೆ ಪರೀಕ್ಷೆ ಮಾಡುತ್ತೇನೆ, ಖರೆ ಲೆಕ್ಕ ನಿಮ್ಮ ಕೈಗೆ ಕೊಡುತ್ತೇನೆ. ಕಾರ್ಖಾನೆಯವರನ್ನು ಮತ್ತೆ ಕರೆಯುವುದಾದರೆ ಕರೆಯಿರಿ, ಹೊಲ ನಿಮ್ಮದು. ಅವರು ಬಂದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಬೇಡ ಎನ್ನುವವಳೂ ನಾನೇ — ಈ ಸಲ ನಿಮ್ಮ ಮುಖ ನೋಡಿ ಹೇಳುತ್ತೇನೆ.